ಅಮ್ಮನ ಬೀರುವಿನ ಸರ್ವರ್

ಸೂರ್,
ಶುಕ್ರವಾರ, ನವೆಂಬರ್ ೧೪

ನನ್ನ ಮುದ್ದು ರಯ್ಯಾ,

ದೇವರ ಶಾಂತಿ, ಕರುಣೆ ಎರಡೂ ನಿನ್ನ ಮೇಲಿರಲಿ. ಹೇಗಿದ್ದೀಯಮ್ಮ? ಮೊನ್ನೆ ಫೋನಿನಲ್ಲಿ ನಿನ್ನ ದನಿ ಕಟ್ಟಿಕೊಂಡಿತ್ತು. ಕೇಳಿದ್ದಕ್ಕೆ ನೆಗಡಿ ಅಲ್ಲ ಬಾಬಾ, ಆಸ್ಪತ್ರೆಯ ಹೀಟರಿನ ಒಣಗಾಳಿ ಎಂದೆ. ಡಾಕ್ಟರುಗಳು ಊರವರ ರೋಗಕ್ಕೆಲ್ಲ ಹೆಸರಿಟ್ಟು ತಮ್ಮದಕ್ಕೆ ಮಾತ್ರ ಏನಾದರೊಂದು ನೆಪ ಇಡುತ್ತೀರಿ. ಒಣನಿಂಬೆ ಕುದಿಸಿ ಕುಡಿ, ಕಾಲುಚೀಲ ಎರಡೆರಡು ಹಾಕಿಕೋ, ಡಬ್ಲಿನ್ನಿನ ಮಳೆಯಲ್ಲಿ ಹಸಿ ತಲೆಯಲ್ಲಿ ಓಡಾಡಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮಸೀದಿಯ ಮೆಟ್ಟಿಲಿನಲ್ಲಿ ನನ್ನ ಜೊತೆ ಜಗಳ ತೆಗೆಯುತ್ತದೆ. ಸಕ್ಕರೆ ಹಿಡಿತದಲ್ಲಿದೆ, ಏಕೆಂದರೆ ಹಲ್ವಾ ಡಬ್ಬಿಯನ್ನು ನಿನ್ನ ಮೌಜಾ ಅತ್ತೆ ತನ್ನ ಮನೆಗೆ ಸಾಗಿಸಿ ಬೀಗ ಹಾಕಿದ್ದಾಳೆ. ಸ್ವಂತ ಅಕ್ಕನೇ ಪಕ್ಕದ ಮನೆಯಲ್ಲಿರುವುದು ಪುಣ್ಯವೋ ಪಾಪವೋ, ಈ ವಯಸ್ಸಿಗೂ ನನಗೆ ತೀರ್ಮಾನವಾಗಿಲ್ಲ.

ಫೋನಿದೆ, ಮೆಸೇಜಿದೆ, ಈ ಮುದುಕ ಕಾಗದ ಯಾಕೆ ಹಿಡಿದ ಎಂದು ನೀನು ನಗುತ್ತೀಯ. ನಗು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂದಲು ನೆರೆಯುವವರೆಗೂ ದುಡಿದವನು ನಾನು. ಇಡೀ ಊರಿನ ಮದುವೆ ಮಾತು, ಜಗಳ, ಗುಟ್ಟು ಎಲ್ಲ ನನ್ನ ಕೈಕೆಳಗಿನ ತಂತಿಯಲ್ಲಿ ಹಾದುಹೋಗಿದೆ. ಕೇಳಬೇಕೆಂದರೆ ಎಷ್ಟು ಸುಲಭ ಎಂದು ಗೊತ್ತಿದ್ದೇ ನಾನು ಕೇಳದೆ ಉಳಿದೆ. ಹಾಗೆ ಉಳಿಯುವವರು ಎಲ್ಲ ಕಡೆ ಇರುವುದಿಲ್ಲ. ಅದೂ ಅಲ್ಲದೆ, ಫೋನಿನಲ್ಲಿ ನಮ್ಮಿಬ್ಬರದು ಊಟ ಆಯ್ತಾ, ಆಯ್ತು, ಅಲ್ಲಿ ಚಳಿಯಾ, ಹೌದು, ಇಷ್ಟಕ್ಕೇ ಮುಗಿದುಹೋಗುತ್ತದೆ. ನಿನ್ನ ಗೆಳತಿ ಬದ್ರಿಯಾ ರಜೆ ಮುಗಿಸಿ ಭಾನುವಾರ ಅಲ್ಲಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಖರ್ಜೂರ, ಒಣನಿಂಬೆ, ಒಣಮೀನು ಕಳಿಸಿದ್ದೇನೆ. ಮೀನನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದೇನೆ, ಆದರೂ ವಿಮಾನದಲ್ಲಿ ಪಕ್ಕದವರು ಎದ್ದುಹೋದರೆ ಅವಳಿಗೇ ಜಾಗ ಜಾಸ್ತಿ ಎಂದು ಹೇಳಿದ್ದೇನೆ.

ಈಗ ಅಮ್ಮನ ಬೀರುವಿನಲ್ಲಿದ್ದ ಫೋಟೋ ಪೆಟ್ಟಿಗೆಯ ವಿಷಯ. ನಿನ್ನ ಮೆಸೇಜಿಗೆ ನಾನು ‘ದುರಸ್ತಿಯಲ್ಲಿದೆ’ ಎಂದಷ್ಟೇ ಉತ್ತರ ಕೊಟ್ಟು ಸುಮ್ಮನಾದೆ. ನಡೆದದ್ದನ್ನೆಲ್ಲ ಬರೆಯುತ್ತೇನೆ, ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಚಂಡಮಾರುತದ ವರ್ಷ ಮನೆಗೆ ನೀರು ನುಗ್ಗಿ ಆಲ್ಬಮ್ಮುಗಳೆಲ್ಲ ಗಂಜಿಯಾದವಲ್ಲ, ಆಗ ನೀನು ಚಿಕ್ಕವಳು. ನಿನ್ನಮ್ಮ ಅಂಗಳದ ಹಗ್ಗಕ್ಕೆ ಒಂದೊಂದೇ ಫೋಟೋ ಬಟ್ಟೆಯ ಹಾಗೆ ನೇತುಹಾಕಿ ಒಣಗಿಸಿದಳು, ಉಳಿದದ್ದು ಒಂದು ಹಿಡಿ. ಆಮೇಲೆ ಫೋನಿನಲ್ಲಿ ಫೋಟೋ ತೆಗೆಯುವ ಕಾಲ ಬಂತು. ಎಲ್ಲರ ಹಾಗೆ ನಮ್ಮದನ್ನೂ ಕಂಪನಿಯ ಕ್ಲೌಡಿಗೆ ಹಾಕಿಬಿಡೋಣ, ನೀರು ಬಂದರೂ ಬೆಂಕಿ ಬಂದರೂ ಚಿಂತೆಯಿಲ್ಲ ಎಂದು ನಾನೇ ಹೇಳಿದ್ದೆ. ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದವಳು ಚಾಕು ನಿಲ್ಲಿಸಿ, ಅಲ್ಲಿ ಯಾರು ಕೂತಿರ್ತಾರೆ ಎಂದು ಕೇಳಿದಳು. ಯಾರೂ ಇಲ್ಲ, ಬರೀ ಯಂತ್ರಗಳು ಎಂದೆ.

“ಯಂತ್ರದ ಮೇಲಿನ ಧೂಳು ಒರೆಸೋಕಾದ್ರೂ ಯಾರೋ ಬರ್ತಾರಲ್ಲ ಖಮೀಸ್? ನನ್ನ ತಲೆಗೂದಲು ನೋಡಿದ್ದು ನೀನು, ನನ್ನಪ್ಪ, ನನ್ನ ತಮ್ಮಂದಿರು. ಅಲ್ಲಿಗೆ ಸಾಕು.”

ಎಕ್ಸ್‌ಚೇಂಜಿನವನ ಹೆಂಡತಿಗೆ ಸುಳ್ಳು ಸಮಾಧಾನ ಹೇಳಿ ಗೆಲ್ಲುವುದು ಸಾಧ್ಯವೇ? ಹಾಗಾಗಿ ಫೋಟೋಗಳನ್ನು ಮನೆಯಲ್ಲೇ ಕೂಡಿಡುವ ಈ ಸರ್ವರ್ ಪೆಟ್ಟಿಗೆ ಬಂತು. ಎರಡು ಡಿಸ್ಕು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುವ ಹಾಗೆ ನಾನೂ ನೀನೂ ಕೂತು ಜೋಡಿಸಿದೆವು, ನೆನಪಿದೆಯಾ, ನೀನು ಆಗ ಹೈಸ್ಕೂಲು. ಎಲ್ಲಿಡುವುದು ಎಂದು ದೊಡ್ಡ ಪಂಚಾಯಿತಿಯೇ ಆಯಿತು. ಅತಿಥಿಗಳ ಮಜ್ಲಿಸಿನಲ್ಲಿ ಗಂಡಸರು ಬಂದು ಕೂರುತ್ತಾರೆ, ಬೇಡ. ಹಜಾರಕ್ಕೆ ಎಲೆಕ್ಟ್ರಿಷಿಯನ್ನು, ಪ್ಲಂಬರು ಬರುತ್ತಾರೆ, ಬೇಡ. ಕೊನೆಗೆ ಅವಳೇ ತನ್ನ ಕೋಣೆಯ ಬೀರುವನ್ನು ತೆರೆದು, ಕೆಳಗಿನ ಖಾನೆಯಲ್ಲಿದ್ದ ಚಪ್ಪಲಿ ತೆಗೆದು, ಇಲ್ಲಿಡು ಎಂದಳು. ನಾನು ಬೀರುವಿನ ಹಿಂದಿನ ಹಲಗೆ ಕೊರೆದು ತಂತಿ ಹಾಯಿಸಿದೆ. ಹೊರಗಿನವರು ಎಂದೂ ಕಾಲಿಡದ ಜಾಗ ಅದು.

ಮುಂದೆ ನೀನು ಓದಲು ಅಲ್ಲಿಗೆ ಹೊರಟಾಗ, ನಿನ್ನ ಲ್ಯಾಪ್‌ಟಾಪಿಗೂ ಫೋನಿಗೂ ಮಾತ್ರ ತೆರೆಯುವ ಒಂದು ಬೀಗದ ದಾರಿಯನ್ನು ಇಂಟರ್ನೆಟ್ಟಿನಲ್ಲಿ ನೀನೇ ಮಾಡಿಕೊಂಡೆ. ಅದಕ್ಕೂ ಅವಳ ಅಪ್ಪಣೆ ಬೇಕಾಗಿತ್ತು. ಸಮುದ್ರದಾಚೆಯಿಂದ ನೋಡಿದರೆ ಚಿತ್ರ ಮನೆಯಿಂದ ಹೊರಗೆ ಹೋದ ಹಾಗಲ್ಲವೇ ಎಂದು ನಾನು ಸುಮ್ಮನೆ ಕೆಣಕಿದೆ. ನನ್ನ ಮಗಳು ಎಲ್ಲಿ ಕೂತು ನೋಡಿದರೂ ಅದು ಮನೆಯೊಳಗೇ ಎಂದಳು, ಅಷ್ಟೇ. ಮೂರನೆಯ ಪ್ರತಿಯೊಂದನ್ನು ಬೇರೆ ಯಾರದಾದರೂ ಮನೆಯಲ್ಲಿ ಇಡಿ ಎಂದು ನೀನು ಎಷ್ಟು ಸಲ ಹೇಳಿದೆ. ಬೇರೆ ಮನೆ ಎಂದರೆ ಬೇರೆ ಮನೆಯ ಗಂಡಸರು ಎಂದು ಅವಳು ಒಪ್ಪಲಿಲ್ಲ, ನಾನೂ ಅವಳ ಪಕ್ಷ ಹಿಡಿದೆ. ಎರಡು ಡಿಸ್ಕಿದೆಯಲ್ಲ, ಸಾಕು ಬಿಡು ಎಂದುಕೊಂಡಿದ್ದೆವು.

ಅವಳು ಹೋದಾಗ ನೀನು ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ನಮ್ಮಲ್ಲಿ ಕಾಯುವ ಪದ್ಧತಿಯಿಲ್ಲ, ನಿನಗೂ ಗೊತ್ತು. ಮೂರು ದಿನದ ದುಃಖಕ್ಕೆ ಬಂದ ಹೆಂಗಸರ ನಡುವೆ ನೀನು ಕಣ್ಣು ಒಣಗಿಸಿಕೊಂಡು ಕೂತೆ, ಕಾಫಿ ಬಗ್ಗಿಸಿಕೊಟ್ಟೆ, ನಾಲ್ಕನೆಯ ದಿನ ವಿಮಾನ ಹತ್ತಿದೆ. ಎರಡು ಈದ್ ಹೋದವು. ಫೋನಿನಲ್ಲಿ ನೀನು ನನ್ನ ಸಕ್ಕರೆ ಕೇಳುತ್ತೀಯ, ಮಂಡಿ ಕೇಳುತ್ತೀಯ, ಅತ್ತೆಯ ಬಿಪಿ ಕೇಳುತ್ತೀಯ. ಅಮ್ಮ ಎಂಬ ಶಬ್ದ ಮಾತ್ರ ನಿನ್ನ ಬಾಯಿಂದ ಬರುತ್ತಿರಲಿಲ್ಲ. ನಾನೂ ಎತ್ತುತ್ತಿರಲಿಲ್ಲ. ಹುಡುಗಿ ಅಲ್ಲಿ ಒಬ್ಬಳೇ ಇದ್ದಾಳೆ, ದಿನವೆಲ್ಲ ಕಾಯಿಲೆಯ ಮಕ್ಕಳ ನಡುವೆ ಓಡಾಡುತ್ತಾಳೆ, ಮರೆತಿದ್ದರೆ ಮರೆತಿರಲಿ ಎಂದುಕೊಂಡೆ. ನಿಜ ಹೇಳಲಾ, ಹಾಗೆ ಅಂದುಕೊಂಡಾಗಲೆಲ್ಲ ನಿನ್ನ ಮೇಲೆ ಸ್ವಲ್ಪ ಸಿಟ್ಟೂ ಬರುತ್ತಿತ್ತು.

ಒಂದು ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು, ಅವಳ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕಾಫಿ ಕುಡಿಯುತ್ತಿದ್ದೆ. ಆ ಕೋಣೆಯಲ್ಲಿ ಕೂರುವ ಅಭ್ಯಾಸವಾಗಿಬಿಟ್ಟಿದೆ, ಅತ್ತೆ ಬೈಯುತ್ತಾಳೆ. ಬೀರುವಿನೊಳಗಿಂದ ಪೆಟ್ಟಿಗೆ ಎದ್ದ ಸದ್ದಾಯಿತು. ಯಾರೂ ಮುಟ್ಟದಿದ್ದರೆ ಡಿಸ್ಕುಗಳು ಮಲಗಿರುತ್ತವೆ, ಯಾರಾದರೂ ಚಿತ್ರ ತೆರೆದರೆ ಗುಂಯ್ ಎಂದು ಎದ್ದು ತಿರುಗುತ್ತವೆ. ತೆರೆಯುವ ಕೀಲಿ ಇದ್ದದ್ದು ಇಬ್ಬರಿಗೆ. ನಾನು ಇಲ್ಲಿ ಕೈಯಲ್ಲಿ ಕಾಫಿ ಹಿಡಿದು ಕೂತಿದ್ದೇನೆ. ಯಾವನೋ ಕಳ್ಳ ಹೊಕ್ಕನೆಂದು ಓಡಿಹೋಗಿ ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ದಾಖಲೆ ನೋಡಿದರೆ, ಬಂದವಳು ನೀನು. ಬಂದದ್ದು ಯಾರು ಎಂದಷ್ಟೇ ನೋಡಿದೆ ರಯ್ಯಾ. ಯಾವ ಚಿತ್ರ ತೆರೆದೆ, ಎಷ್ಟು ಹೊತ್ತು ನೋಡಿದೆ, ಎಲ್ಲವನ್ನೂ ನೋಡಬಹುದಿತ್ತು, ನೋಡಲಿಲ್ಲ. ಮರುದಿನವೂ ಅದೇ ಹೊತ್ತಿಗೆ ಎದ್ದಿತು. ನಿನ್ನ ಮಧ್ಯಾಹ್ನದ ಊಟದ ಹೊತ್ತು ಎಂದು ಆಮೇಲೆ ಹೊಳೆಯಿತು. ಊಟ ಬಿಟ್ಟು ನೋಡುತ್ತಿದ್ದೀಯೋ ಉಣ್ಣುತ್ತಾ ನೋಡುತ್ತಿದ್ದೀಯೋ ಎಂಬ ಚಿಂತೆಯೂ ಹತ್ತಿತು.

ಅಂದಿನಿಂದ ನನಗೆ ಅದೇ ಕೆಲಸ. ಅಸರ್ ಆದ ಮೇಲೆ ಯಾರು ಕರೆದರೂ ಹೋಗುತ್ತಿರಲಿಲ್ಲ. ಬಂದರಿನ ಹತ್ತಿರ ಗೆಳೆಯರ ಜೊತೆ ಕೂರುವುದನ್ನೂ ಬಿಟ್ಟೆ. ಬೀರುವಿನ ಬಾಗಿಲು ಚೂರು ತೆರೆದಿಟ್ಟು, ಎರಡು ಬಟ್ಟಲಿಗೆ ಕಾಫಿ ಬಗ್ಗಿಸಿ, ಎರಡನ್ನೂ ನಾನೇ ಕುಡಿಯುತ್ತಿದ್ದೆ. ನೀನು ಅಲ್ಲಿಂದ ಅವಳನ್ನು ನೋಡುತ್ತಿದ್ದೆ, ನಾನು ಇಲ್ಲಿ ನೀನು ನೋಡುವುದನ್ನು ಕೇಳುತ್ತಿದ್ದೆ. ಮೂವರೂ ಮನೆಯಲ್ಲಿದ್ದ ಹಾಗೆ ಇರುತ್ತಿತ್ತು. ನಿನಗೆ ಹೇಳಿದರೆ ನಾಚಿಕೊಂಡು ಬರುವುದನ್ನೇ ನಿಲ್ಲಿಸಿಬಿಡುತ್ತೀಯೆಂಬ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಸದ್ದು ಬದಲಾಯಿತು. ಗುಂಯ್ ಎನ್ನುವ ಮೊದಲು ಟಕ್ ಟಕ್ ಎನ್ನತೊಡಗಿತು, ಕೆಂಪು ದೀಪ ಬಂತು. ತೆರೆದು ಪರೀಕ್ಷೆ ಮಾಡಿದರೆ ಒಂದು ಡಿಸ್ಕು ಸತ್ತೇಹೋಗಿತ್ತು, ಇನ್ನೊಂದು ಕಾದ ಹೆಂಚಿನ ಹಾಗೆ ಸುಡುತ್ತಿತ್ತು, ಅದೂ ಅಲ್ಲಲ್ಲಿ ಓದಲಾಗದೆ ತಡವರಿಸುತ್ತಿತ್ತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲವೇ? ತಕ್ಷಣ ಆರಿಸಬೇಕು, ಮತ್ತೆ ಓದಿಸಬಾರದು. ಒಂದೊಂದು ಸಲ ಚಿತ್ರ ತೆರೆದಾಗಲೂ ಡಿಸ್ಕಿನ ಆಯಸ್ಸು ಸವೆಯುತ್ತದೆ. ಆರಿಸಿದರೆ ನೀನು ಬರುವುದಿಲ್ಲ, ಆರಿಸದಿದ್ದರೆ ಅವಳು ಉಳಿಯುವುದಿಲ್ಲ. ಕೈ ಗುಂಡಿಯ ಮೇಲಿಟ್ಟು, ಇವತ್ತೊಂದು ದಿನ ಬಂದು ಹೋಗಲಿ ಎಂದು ತೆಗೆದೆ. ನಾಳೆಯೂ ಹಾಗೇ ಎಂದೆ. ಟೇಬಲ್ ಫ್ಯಾನನ್ನು ಬೀರುವಿಗೆ ತಿರುಗಿಸಿಟ್ಟೆ. ಒಂದು ಸಂಜೆ ನೀನು ತೆರೆದಾಗ ಅದು ಎಷ್ಟು ಹೊತ್ತು ಟಕ್ಕೆನ್ನುತ್ತ ಏದುಸಿರು ಬಿಟ್ಟಿತೆಂದರೆ, ಕೇಳಲಾರದೆ ನಾನೇ ಎದ್ದು ಆರಿಸಿಬಿಟ್ಟೆ. ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು. ಸ್ವಲ್ಪ ಹೊತ್ತಿಗೆ ಫೋನು ಮಿಡಿಯಿತು, ನಿನ್ನ ಮೆಸೇಜು.

“ಬಾಬಾ, ಪೆಟ್ಟಿಗೆ ಆಫ್ ಆಗಿದ್ಯಾ? ಅಮ್ಮ ಕಾಣ್ತಿಲ್ಲ.”

ಅಷ್ಟನ್ನೇ ಎಷ್ಟು ಸಲ ಓದಿದೆನೋ. ನೀನು ಅಮ್ಮ ಎಂದು ಬರೆದಿದ್ದೆ. ನಾನು ಅವಳ ಚಾಪೆಯ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ.

ನಿನ್ನ ಅತ್ತೆಗೆ ಹೇಳಿದೆ. ಹೇಳದಿದ್ದರೂ ಅವಳಿಗೆ ಗೊತ್ತಾಗುತ್ತದೆ, ನನ್ನ ಮನೆಯ ಪಾತ್ರೆ ಬಿದ್ದರೆ ಅವಳ ಮನೆಯಲ್ಲಿ ಕಿವಿ ನೆಟ್ಟಗಾಗುತ್ತದೆ. ಅಂಗಡಿಗೆ ಒಯ್ಯಬೇಕು, ಆದರೆ ಅಂಗಡಿಯವನು ಗಂಡಸು, ಚಿತ್ರ ಸರಿಯಾಗಿ ಬಂತೇ ಎಂದು ತೆರೆದು ನೋಡುತ್ತಾನೆ, ಅದು ನನಗೆ ಆಗದು ಎಂದೆ. ಹಾಗಾದರೆ ಬಿಟ್ಟುಬಿಡು ಎಂದಳು. ಬದುಕಿರುವಷ್ಟು ದಿನ ತನ್ನನ್ನು ಮುಚ್ಚಿಕೊಂಡೇ ಬಾಳಿದವಳು, ಈಗ ದೇವರೇ ಮುಚ್ಚುತ್ತಿದ್ದಾನೆ, ನೀನು ಯಾಕೆ ಅಡ್ಡ ಬರುತ್ತೀಯ ಎಂದಳು. ಅದರಲ್ಲಿ ತಪ್ಪೇನೂ ಇರಲಿಲ್ಲ ರಯ್ಯಾ, ಸತ್ತವರ ಚಿತ್ರಗಳನ್ನು ಅಳಿಸಿ ಎಂದು ಬೇಡಿಕೊಳ್ಳುವ ಮನೆಗಳು ನಮ್ಮ ಓಣಿಯಲ್ಲೇ ಎಷ್ಟೋ ಇವೆ. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೊರಟಳು, ಬಾಗಿಲ ತನಕ ಹೋಗಿ ತಿರುಗಿದಳು.

“ಹುಡುಗಿ ನೋಡ್ತಿದ್ಲು ಅಂದ್ಯಲ್ಲ, ದಿನಾನಾ?”

ದಿನವೂ ಎಂದೆ. ಆಮೇಲೆ ಅವಳೇ ಒಳಗೆ ಹೋಗಿ ಪೆಟ್ಟಿಗೆಯನ್ನು ನಿನ್ನಮ್ಮ ಜುವೈನಾಳ ಹಳೆಯ ತಲೆವಸ್ತ್ರದಲ್ಲಿ ಸುತ್ತಿ ತಂದು ನನ್ನ ತೊಡೆಯ ಮೇಲಿಟ್ಟಳು. ಅಂಗಡಿಯಲ್ಲಿ ಕಣ್ಣು ಬಿಟ್ಟುಕೊಂಡು ಕೂತಿರು, ಎಂದಿನ ಹಾಗೆ ಊರ ಸುದ್ದಿ ಹೇಳುತ್ತ ಮೈಮರೆಯಬೇಡ ಎಂದು ಎಚ್ಚರಿಕೆ ಕೊಟ್ಟೇ ಕಳಿಸಿದಳು.

ಸೂಕ್ ಮಾರುಕಟ್ಟೆಯ ಹಿಂದಿನ ಬೀದಿಯ ಜುಮಾನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಎಕ್ಸ್‌ಚೇಂಜಿನಲ್ಲಿ ನನ್ನ ಜೊತೆ ಇದ್ದವನ ಮಗ, ನಾಲ್ಕು ಮಕ್ಕಳ ತಂದೆ, ಅಡ್ಡಮಾತಿನವನಲ್ಲ. ಅವನ ಮುಂದೆ ಷರತ್ತುಗಳನ್ನು ಇಡಲೆಂದು ದಾರಿಯುದ್ದಕ್ಕೂ ಭಾಷಣ ತಯಾರಿ ಮಾಡಿಕೊಂಡಿದ್ದೆ. ಇದರಲ್ಲಿ ಮನೆ ಹೆಂಗಸರ ಚಿತ್ರವಿದೆ, ಒಂದನ್ನೂ ತೆರೆಯಬಾರದು, ಪ್ರತಿ ಇಟ್ಟುಕೊಳ್ಳಬಾರದು, ಹೀಗೆ. ಅವನು ತಲೆಯಾಡಿಸುತ್ತ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ. ಎತ್ತಿದ್ದೇ ತಡ, ಅಂಗಡಿಯ ತುಂಬ ನಿನ್ನಮ್ಮನ ವಾಸನೆ.

ಉತ್ಪ್ರೇಕ್ಷೆ ಅಲ್ಲಮ್ಮ. ಲೋಬಾನ, ಊದ್, ಗುಲಾಬಿ ನೀರು, ಅವಳೇ ಸಕ್ಕರೆಪಾಕದಲ್ಲಿ ಕಲಸಿ ಉಂಡೆ ಕಟ್ಟಿಡುತ್ತಿದ್ದ ಆ ಧೂಪ. ಪ್ರತಿ ಶುಕ್ರವಾರ ಬೀರು ತೆರೆದಿಟ್ಟು, ಕೆಂಡದ ಧೂಪದಾನಿಯ ಮೇಲೆ ಬೆತ್ತದ ಚೌಕಟ್ಟು ಇಟ್ಟು, ಬಟ್ಟೆ ಹರಡುತ್ತಿದ್ದಳಲ್ಲ. ಅವಳು ಹೋದ ಮೇಲೂ ಅತ್ತೆ ಅದನ್ನು ಬಿಟ್ಟಿರಲಿಲ್ಲ, ಜುವೈನಾಳ ಬಟ್ಟೆಯಲ್ಲಿ ಜುವೈನಾ ಉಳಿಯಲಿ ಎಂದು ಒಂದು ಉಂಡೆ ಜಾಸ್ತಿಯೇ ಹಾಕುತ್ತಿದ್ದಳು. ಅಷ್ಟು ವರ್ಷದ ಹೊಗೆಯನ್ನು ಪೆಟ್ಟಿಗೆಯ ಫ್ಯಾನು ಎಳೆದುಕೊಂಡು, ರೆಕ್ಕೆಗಳಿಗೆ ಕಂದು ಅಂಟು ಮೆತ್ತಿ, ತಿರುಗಲಾರದೆ ನಿಂತುಹೋಗಿತ್ತು. ಗಾಳಿಯಿಲ್ಲದೆ ಎರಡು ಡಿಸ್ಕೂ ಬೆಂದಿದ್ದವು. ಒಂದೇ ಪೆಟ್ಟಿಗೆ, ಒಂದೇ ಹೊಗೆ, ಒಂದೇ ಬಿಸಿ. ನಾವು ಎರಡು ಪ್ರತಿ ಎಂದು ನಂಬಿಕೊಂಡದ್ದು ನಿಜಕ್ಕೂ ಒಂದೇ ಆಗಿತ್ತು. ಜುಮಾ ಫ್ಯಾನನ್ನು ಉಗುರಿನಲ್ಲಿ ಕೆರೆದು ನನ್ನ ಮುಖ ನೋಡಿದ.

“ಖಮೀಸ್ ಕಾಕಾ, ಕಂಪ್ಯೂಟರಿಗೆ ಧೂಪ ಹಾಕಿದೋರನ್ನ ನಾನು ಇದೇ ಮೊದಲು ನೋಡ್ತಿರೋದು.”

ನಗಬೇಕೆಂದುಕೊಂಡೆ, ಆಗಲಿಲ್ಲ. ಅಷ್ಟರಲ್ಲಿ ಫೋನಿಗೆ ಗಾಜು ಹಾಕಿಸಲು ಬಂದಿದ್ದ ಯಾರೋ ಒಬ್ಬ, ಉದ್ದಕ್ಕೆ ಉಸಿರೆಳೆದು, ಆಹಾ, ಯಾವ ಅಂಗಡಿಯ ಧೂಪ ಇದು ಎಂದು ಕೇಳಿದ. ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಅವಳ ಒಂದು ಚಿತ್ರ ಯಾರ ಕಣ್ಣಿಗೂ ಬೀಳಬಾರದೆಂದು ತಲೆವಸ್ತ್ರ ಸುತ್ತಿ ತಂದವನು, ಅವಳ ಪರಿಮಳವನ್ನು ನಡುಬೀದಿಯಲ್ಲಿ ಬಿಚ್ಚಿಟ್ಟು ನಿಂತಿದ್ದೆ. ಜುಮಾಗೆ ಅರ್ಥವಾಯಿತೆಂದು ಕಾಣುತ್ತದೆ. ಆ ಮನುಷ್ಯನನ್ನು ನಾಳೆ ಬಾ ಎಂದು ಕಳಿಸಿ, ಷಟರು ಅರ್ಧ ಇಳಿಸಿ, ನನಗೊಂದು ಕುರ್ಚಿ ಹಾಕಿದ. ನಕಲು ಮಾಡಲು ಚಿತ್ರ ತೆರೆಯುವ ಅಗತ್ಯವೇ ಇಲ್ಲ, ಯಂತ್ರ ಹಳೆಯದರಿಂದ ಹೊಸದಕ್ಕೆ ಹಾಗೆಯೇ ಸುರಿಯುತ್ತದೆ, ಪರದೆ ನಿಮ್ಮ ಕಡೆಗಿರಲಿ, ನಾನು ಬೀದಿ ಕಡೆ ಮುಖ ಮಾಡಿ ಕೂರುತ್ತೇನೆ ಎಂದ. ಹಾಗೆಯೇ ಕೂತ. ಮಧ್ಯಾಹ್ನದಿಂದ ಮುಸ್ಸಂಜೆಯ ಮಗ್ರಿಬ್ ನಮಾಜಿನ ತನಕ ಅವನ ಬೆನ್ನು ನೋಡುತ್ತ, ಪರದೆಯಲ್ಲಿ ಇಂಚಿಂಚೇ ಸರಿಯುವ ಹಸಿರು ಗೆರೆ ನೋಡುತ್ತ, ಡಿಸ್ಕಿಗೆ ಫ್ಯಾನಿನ ಗಾಳಿ ಹಿಡಿದು, ನನಗೆ ಬರುವ ಕುರಾನಿನ ಸೂರಾಗಳನ್ನೆಲ್ಲ ಓದಿದೆ. ಗೆರೆ ಎಷ್ಟೋ ಸಲ ನಿಂತಿತು. ನಿಂತಾಗಲೆಲ್ಲ ಜುಮಾ ತಿರುಗದೆಯೇ, ಕಾಯಿರಿ ಕಾಕಾ, ಬರುತ್ತದೆ ಎನ್ನುತ್ತಿದ್ದ. ಬಂತು. ಬಹುಪಾಲು ಬಂತು. ಕೆಲವು ಹೋದವು, ಯಾವುವು ಎಂದು ನನಗೆ ಗೊತ್ತಿಲ್ಲ.

ಯಾಕೆ ಗೊತ್ತಿಲ್ಲವೆಂದರೆ, ನಾನಿನ್ನೂ ತೆರೆದು ನೋಡಿಲ್ಲ. ಹೊಸ ಡಿಸ್ಕುಗಳು ಪೆಟ್ಟಿಗೆಯಲ್ಲಿ ಕೂತಿವೆ, ಹೊಸ ಫ್ಯಾನು ಬಂದಿದೆ, ಜಾಗ ಬದಲಾಗಿದೆ. ಈಗ ಹೆಂಗಸರ ಒಳಹಜಾರದ ಎತ್ತರದ ಗೂಡಿನಲ್ಲಿ, ಧೂಪ ತಾಗದ ಕಡೆ, ನೀರೂ ಏರಲಾರದ ಕಡೆ ಇಟ್ಟಿದ್ದೇನೆ. ಮೂರನೆಯ ಪ್ರತಿಯೂ ಆಯಿತು, ಕೊನೆಗೂ ನಿನ್ನ ಮಾತು ಕೇಳಿದೆ ನೋಡು. ಕೀಲಿಪದ ಹಾಕಿ ಬೀಗ ಜಡಿದ ಡಿಸ್ಕೊಂದು ಅತ್ತೆಯ ಮದುವೆಯ ಪೆಟ್ಟಿಗೆಯಲ್ಲಿ ಅವಳ ಚಿನ್ನದ ಜೊತೆ ಮಲಗಿದೆ. ಕೀಲಿಪದ ಗೊತ್ತಿಲ್ಲದೆ ಯಾರು ತೆರೆದರೂ ಬರೀ ಕಸ ಕಾಣುತ್ತದೆ ಎಂದು ವಿವರಿಸಿದಾಗ, ಚಿನ್ನಕ್ಕೂ ಹೀಗೇನಾದರೂ ಮಾಡಲು ಬರುತ್ತದಾ ಎಂದು ಕೇಳಿದಳು. ಆದರೆ ಗೂಡಿನ ಮುಂದೆ ಕೂತು ಅವಳ ಮುಖ ತೆರೆಯಲು ನನ್ನ ಕೈಲಾಗುತ್ತಿಲ್ಲ. ನಿನ್ನನ್ನು ಬಿಟ್ಟು ಒಬ್ಬನೇ ಹೇಗೆ ನೋಡಲಿ? ಈ ಹೊತ್ತಿಗೆ ನೀನು ಪಕ್ಕದಲ್ಲಿದ್ದರೆ ಎಂದು ದಿನಕ್ಕೆ ಎಷ್ಟು ಸಲ ಅನ್ನಿಸುತ್ತದೋ ದೇವರಿಗೇ ಗೊತ್ತು.

ಕಾಗದ ಉದ್ದವಾಯಿತು. ಅತ್ತೆ ನಿನಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ಮದುವೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕಳಿಸಿದ್ದಾಳೆ, ಅದನ್ನು ನಾನು ದಾರಿಯಲ್ಲೇ ತಡೆದಿದ್ದೇನೆ. ಬದ್ರಿಯಾಗೆ ಬಿಸಿಬಿಸಿ ಏನಾದರೂ ಮಾಡಿಹಾಕು. ನಿನ್ನ ಕೈ ಮುಟ್ಟಿದ ಮಕ್ಕಳೆಲ್ಲ ನಗುತ್ತ ಮನೆಗೆ ಹೋಗಲಿ, ನಿನ್ನನ್ನು ಕಾಯುವವನು ಕಾಯುತ್ತಲೇ ಇರಲಿ.

ಸದಾ ನಿನ್ನ ದಾರಿ ನೋಡುವ,
ಬಾಬಾ, ಖಮೀಸ್

ಮರೆತಿದ್ದೆ: ಬದ್ರಿಯಾಳ ತಮ್ಮ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಪೆಟ್ಟಿಗೆ ದುರಸ್ತಿಯಾಗಿ ಒಂದು ತಿಂಗಳಾಯಿತು, ಅದಕ್ಕೇನೂ ಆಗಿಲ್ಲ. ನೀನು ಅಲ್ಲಿಂದ ನೋಡುವ ದಾರಿ ತೆರೆಯುವುದು ಎರಡು ನಿಮಿಷದ ಕೆಲಸ ಎಂದು ಜುಮಾ ಹೇಳಿದ, ನಾನೇ ಬೇಡವೆಂದೆ. ದಾರಿ ಮುಚ್ಚಿಟ್ಟಿರುವವನು ನಾನು. ಅಮ್ಮನನ್ನು ನೋಡಬೇಕಿದ್ದರೆ ಮನೆಗೆ ಬಾ. ಇದು ಅನ್ಯಾಯ, ನನಗೆ ಗೊತ್ತು. ಬರಲಾಗದಿದ್ದರೆ ಒಂದು ಮಾತು ಬರೆ, ಅದೇ ದಿನ ತೆರೆದುಬಿಡುತ್ತೇನೆ, ಮುಖ ಉಬ್ಬಿಸಿಕೊಳ್ಳುವುದಿಲ್ಲ. ಆದರೆ ಇಷ್ಟು ತಿಂಗಳು ನೀನು ಬಂದದ್ದನ್ನು ಬರೀ ಕಿವಿಯಲ್ಲಿ ಕೇಳಿದ್ದೇನೆ ಮಗಳೇ, ಒಂದು ಸಲ ಕಣ್ಣಿಂದ ನೋಡಬೇಕು.